ಗಂಟಲಮಾರಿ ವಾರ್ಡಿಗೆ ಮುಸುಕು ಕಟ್ಟಿಸಿದ್ದು

ಜನರ ಬಾಯಿ ಮುಚ್ಚಿಸುವ ಕೆಲಸ ಸಿಕ್ಕಿದವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಬಂದು ಬಾಗಿಲು ತಟ್ಟುತ್ತದೆ. ಉಪ್ಪು ಖಾರ ನಾನು ಸೇರಿಸಿರಬಹುದು. ಬೇಳೆ ಮಾತ್ರ ನಿಜದ್ದು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಚಾಮರಾಜಪೇಟೆಯ ಮಕ್ಕಳಿಗೆ ಗಂಟಲಮಾರಿ, ಡಾಕ್ಟರ ಬಾಯಲ್ಲಿ ಡಿಫ್ತೀರಿಯಾ, ಹಬ್ಬಿತು. ನಮ್ಮ ಆಸ್ಪತ್ರೆಯ ಹಿಂದೆ ಬೇರೆ ವಾರ್ಡು ತೆರೆದರು. ಒಳಗೆ ಹೋಗುವವರಿಗೆ ಮುಸುಕು, ಗೌನು, ಗ್ಲೌಸು ಹಾಕಿ ತೆಗೆಯುವುದನ್ನು ಕಲಿಸುವ ಭಾರ ಕಾಂಪೌಂಡರ್ ಆಗಿದ್ದ ನನ್ನ ಮೇಲೆ ಬಿತ್ತು. ನಾನು ಪಾಸು ಮಾಡದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಕಲಿಯಲು ಬಂದವರಲ್ಲಿ ಒಬ್ಬ ಆಯಾ ಇದ್ದಳು. ಆಕೆಯ ಪುಟ್ಟ ಮಗಳು ಅದೇ ವಾರ್ಡಿನಲ್ಲಿ ಮಲಗಿದ್ದಳು.

"ಬೇಗ ಪಾಸು ಮಾಡಿ ಸಾರ್," ಎಂದು ದಿನಾ ಬೆಳಿಗ್ಗೆ ಬಂದು ನಿಲ್ಲುವಳು.

ಕುಂಕುಮ

ರೋಗಾಣು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಗೌನುಗಳ ಮೇಲೆ ಕುಂಕುಮ ಉಜ್ಜಿದೆ. "ಇದೇ ರೋಗ ಅಂದ್ಕೊಳ್ಳಿ. ಮೈಗೆ ತಾಗದ ಹಾಗೆ ಬಿಚ್ಚಿ."

ಆಯಾ ಅಚ್ಚುಕಟ್ಟಾಗಿ ಬಿಚ್ಚಿದಳು. ಕೊನೆಗೆ ಗ್ಲೌಸಿಗೆ ಅಂಟಿದ್ದನ್ನು ಭಕ್ತಿಯಿಂದ ಹಣೆಗಿಟ್ಟುಕೊಂಡಳು.

"ಏನಮ್ಮಾ, ರೋಗಾನ ಹಣೆಗಿಟ್ಕೊಂಡ್ರಲ್ಲ!"

"ಕುಂಕುಮ ಕಸಕ್ಕೆ ಹಾಕ್ಬಾರ್ದು ಸಾರ್. ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

ಆವತ್ತು ಫೇಲಾದದ್ದು ಯಾರು ಅಂತ ಇನ್ನೂ ಇತ್ಯರ್ಥವಾಗಿಲ್ಲ. ಮಾರನೆಯ ದಿನದಿಂದ ಒಲೆ ಮಸಿ ತಂದೆ.

ಮರ್ಯಾದೆ

ದೊಡ್ಡ ಡಾಕ್ಟರು ಬಂದರೆ ಸಾಕು, ಎಲ್ಲರೂ ಎದ್ದು ನಿಂತು ಮುಸುಕನ್ನು ಗದ್ದಕ್ಕಿಳಿಸುವರು. "ದೊಡ್ಡೋರ ಮುಂದೆ ಮುಖ ಮುಚ್ಕೊಂಡು ನಿಲ್ಲೋದಾ ಸಾರ್?"

ಮಹಾರಾಜರೇ ಬಂದರೂ ಇಳಿಸಕೂಡದು ಎಂದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಪರದೆಯ ಹಿಂದೆ ನಿಂತು ಡಾಕ್ಟರ ಹಾಗೇ ಕೆಮ್ಮಿದೆ. ಮುಸುಕುಗಳು ಸಾಲಾಗಿ ಇಳಿದವು. ಆಯಾಳದು ಮಾತ್ರ ಕದಲಲಿಲ್ಲ. ಅವಳ ಕಣ್ಣು ವಾರ್ಡಿನ ಬಾಗಿಲ ಮೇಲೇ ಇತ್ತು. ಅವತ್ತೇ ಪಾಸು ಮಾಡಿದೆ.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಡಾಕ್ಟರ ದನಿ: "ನನ್ನ ಕೆಮ್ಮು ಇನ್ನೂ ಸ್ವಲ್ಪ ಗಡುಸು ಕಣಯ್ಯಾ."

ಭೂತ

ಆಯಾ ಒಳಗೆ ಹೋದಳು. ನಾನು ಕಿಟಕಿಯಾಚೆ ನಿಂತೆ. ಮಗಳು ಕಣ್ಣು ಬಿಟ್ಟವಳೇ ಗೋಡೆಗೆ ಒತ್ತಿಕೊಂಡು ಅಳತೊಡಗಿದಳು.

"ಭೂತ! ನಮ್ಮಮ್ಮನ್ನ ಕರೀರಿ!"

ಆಯಾಳ ಕೈ ಮುಸುಕಿನ ಲಾಡಿಗೆ ಹೋಯಿತು. ಬೇಡ ಎಂದು ಕೂಗಬೇಕಾದವನು ನಾನು. ಆದರೆ ನನಗೇ, ಬಿಚ್ಚಿಬಿಡಮ್ಮಾ ಎನ್ನುವಂತಾಯಿತು. ಅವಳೇ ಲಾಡಿ ಬಿಟ್ಟು ಕೈ ಇಳಿಸಿದಳು. ಮುಸುಕಿನೊಳಗಿಂದ ಗುಡುಗಿದಳು:

"ಲೇ ಮೂದೇವಿ, ಗಂಜಿ ಲೋಟ ಹಾಗೇ ಇಟ್ಟಿದೀಯಾ? ತಲೆ ನೋಡು, ಕಾಗೆ ಗೂಡು! ಹೊದಿಕೆ ಎಲ್ಲಿಗೆ ಒದ್ದೆ?"

ಹುಡುಗಿ ಅಳು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕಟ್ಟಿದ ಗಂಟಲಲ್ಲೇ ಪಕ್ಕದ ಮಂಚದ ಮಗುವಿಗೆ ಸಮಾಧಾನ ಹೇಳಿದಳು:

"ಹೆದರ್ಬೇಡ ಕಣೇ, ನಮ್ಮಮ್ಮ. ಭೂತ ಆಗಿದ್ರೆ ಇಷ್ಟು ಬೈತಿರ್ಲಿಲ್ಲ."