ಕಾಮಣ್ಣ ಅಳ್ಳಾಡಬಾರದಿತ್ತು

ಹುನ್ನೂರಿನ ಕಾಮಣ್ಣ ಆ ದಿನ ನಸುಕಿನಲ್ಲೇ ಎದ್ದು, ಹೆಂಡತಿ ಮಾಯವ್ವ ಎಮ್ಮೆ ಹಿಂಡಲು ಹೋದದ್ದನ್ನು ಖಾತ್ರಿ ಮಾಡಿಕೊಂಡು, ಕಟಿಂಗ್ ಪ್ಲಾಯರಿನಿಂದ ತನ್ನ ಬೆಳ್ಳಿ ಉಡದಾರವನ್ನು ಕತ್ತರಿಸಿದ. ಬಿಚ್ಚೋಣವೆಂದರೆ ಕೊಂಡಿ ಕದಲಲಿಲ್ಲ. ಮದುವೆಯಲ್ಲಿ ಮಾವ ಹಾಕಿಸಿದ್ದು. ಅಲ್ಲಿಂದೀಚೆ ಹೊಟ್ಟೆ ಬೆಳೆದಿತ್ತೇ ಹೊರತು ಉಡದಾರ ಬೆಳೆದಿರಲಿಲ್ಲ. ಮಾಯವ್ವನಿಗೆ ಹೇಳಿದರೆ ರಂಪ. ಸದ್ದಿಲ್ಲದೆ ದಿಂಬಿನ ಕೆಳಗೆ ತುರುಕಿ ಕೆಲಸಕ್ಕೆ ನಡೆದ.

ಅವನ ಕೆಲಸ ಊರಾಚೆ, ಸೋಲಾರ್ ಕರೆಂಟನ್ನು ಕೂಡಿಡುವ ದೊಡ್ಡ ಬ್ಯಾಟರಿಗಳ ಯಾರ್ಡಿನಲ್ಲಿ. ಸಾಲಾಗಿ ನಿಂತ ಇಪ್ಪತ್ತು ಬಿಳಿ ಕಂಟೇನರು, ಸುತ್ತ ತಂತಿ ಬೇಲಿ, ಒಂದೇ ಗೇಟು. ಆ ಗೇಟನ್ನು ಕಾಮಣ್ಣ ಎರಡು ವರ್ಷದಿಂದ ಬಿಸಿಲಲ್ಲಿ ಕಾಯುತ್ತಿದ್ದ. ಈಗ ಒಳಗೆ, ಎಸಿ ಕೋಣೆಯಲ್ಲಿ, ಸಹಾಯಕನ ಜಾಗ ಖಾಲಿಯಾಗಿತ್ತು. ಸುರಕ್ಷತೆ ನೋಡಿಕೊಳ್ಳುವ ಅನುರಾಧಾ ಮೇಡಂ ಎರಡೇ ಮಾತು ಹೇಳಿದ್ದರು. ಬ್ಯಾಟರಿ ಹತ್ತಿರ ಹೋಗುವವನ ಮೈಮೇಲೆ ಉಂಗುರ, ಗಡಿಯಾರ, ಉಡದಾರ ಏನೂ ಇರಬಾರದು, ತಾಗಿದರೆ ಸುಟ್ಟುಬಿಡುತ್ತದೆ. ಇನ್ನು, ಇವತ್ತಿನ ಬೆಂಕಿ ಅಣಕು ಪ್ರದರ್ಶನದಲ್ಲಿ ಯಾರು ಸರಿಯಾಗಿ ನಡೆದುಕೊಳ್ಳುತ್ತಾರೋ ಅವರಿಗೇ ಆ ಜಾಗ.

ಕಾಮಣ್ಣನಿಗೆ ಸಿಕ್ಕಿದ್ದು ಹೊಗೆ ಕುಡಿದು ಬಿದ್ದವನ ಪಾತ್ರ. ಫೋನು ಆಫೀಸಿನಲ್ಲಿ ಇಟ್ಟು, ಬಿಳಿ ಬಟ್ಟೆ ಹೊದ್ದು ಸ್ಟ್ರೆಚರ್ ಮೇಲೆ ಮಲಗಿದ. ಸೀಟಿ ಊದುವ ತನಕ ಅಳ್ಳಾಡಬಾರದು.

ಅತ್ತ ಮನೆಯಲ್ಲಿ ನಡೆದದ್ದು ಅವನಿಗೆ ಗೊತ್ತಾಗಿದ್ದು ಆಮೇಲೆ. ಹಾಸಿಗೆ ಝಾಡಿಸುವಾಗ ಮಾಯವ್ವನ ಕಾಲ ಮೇಲೆ ತುಂಡಾದ ಉಡದಾರ ಬಿತ್ತು. ಕೂಗು ಕೇಳಿ ಬಂದ ಬಾಜೂ ಮನೆಯ ಹೊಳೆವ್ವ ಅದನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಗಂಡಸಿನ ಉಡದಾರ ಹರಿಯೂದು ಹೆಣಾ ತೊಳಿಯೂ ಮುಂದ, ಮಾಯವ್ವ. ಫೋನ್ ಹಚ್ಚ ಮದಲ.”

ಹನ್ನೊಂದು ಸಲ ಹಚ್ಚಿದರೂ ಕಾಮಣ್ಣ ಎತ್ತಲಿಲ್ಲ. ಅರ್ಧ ತಾಸಿನಲ್ಲಿ ಓಣಿಗೆ ಓಣಿಯೇ ಟೆಂಪೋ ಹತ್ತಿತು.

ಯಾರ್ಡಿಗೆ ಬಂದು ನೋಡಿದರೆ ಸೈರನ್ನು, ಹೊಗೆ, ಆಂಬುಲೆನ್ಸು, ಬಿಳಿ ಬಟ್ಟೆಯ ಕೆಳಗೆ ಕಾಮಣ್ಣ. ಮಾಯವ್ವ ಹೋಗಿ ಮುಖದ ಬಟ್ಟೆ ಸರಿಸಿ ಅವನ ಎದೆಯ ಮೇಲೆ ಬಿದ್ದಳು. ಬಿಸಿ ಕಣ್ಣೀರು ಕೆನ್ನೆಗೆ ತಾಗಿದಾಗ ಕಾಮಣ್ಣನಿಗೆ ಎದ್ದು ಸಮಾಧಾನ ಮಾಡಬೇಕೆನಿಸಿತು. ಆದರೆ ಸೀಟಿ ಊದಿರಲಿಲ್ಲ. ಹೊಳೆವ್ವ ಹಾಡಿಕೊಂಡು ಅಳತೊಡಗಿದಳು: ಎಂಥಾ ಧಾರಾಳಿ, ಎಂಥಾ ಬಂಗಾರದ ಮನುಷ್ಯ. ನಿನ್ನೆ ತಾನೇ ಮಜ್ಜಿಗೆಯ ಸಲುವಾಗಿ ಅವನನ್ನು ಜಿಪುಣ ಎಂದು ಬೈದವಳು. ಸತ್ತರೇನೇ ಕಿಮ್ಮತ್ತು ಎಂದುಕೊಂಡು ಕಾಮಣ್ಣ ಉಸಿರು ಬಿಗಿಹಿಡಿದ.

ಆಗ ಬಕೀಟಿನ ಸದ್ದಾಯಿತು. ಒಂದೇ ಕಣ್ಣು ತೆರೆದು ನೋಡಿದ. ಚಿಕ್ಕಪ್ಪನ ಮಗ ಯಲ್ಲಾಲಿಂಗ ನೀರು ತುಂಬಿಕೊಂಡು, ಒಳಗೆ ಮತ್ತಾರಾದರೂ ಇದ್ದಾರೇನು ನೋಡೋಣವೆಂದು ಹೊಗೆ ಬರುತ್ತಿದ್ದ ಕಂಟೇನರಿನ ಬಾಗಿಲಿಗೆ ಕೈ ಹಾಕುತ್ತಿದ್ದ. ಹೊಗೆ ಕಂಡ ಬ್ಯಾಟರಿ ಪೆಟ್ಟಿಗೆಯ ಬಾಗಿಲು ತೆರೆಯಬೇಡಿ, ಒಳಗೆ ಗ್ಯಾಸು ತುಂಬಿದ್ದರೆ ಸಿಡಿಯುತ್ತದೆ, ದೂರ ಸರಿಯಿರಿ ಎಂದು ಮೇಡಂ ನೂರು ಸಲ ಹೇಳಿದ್ದರು. ಹೊಗೆ ಅಣಕಿಗೆಂದು ಇಟ್ಟ ಯಂತ್ರದ್ದು; ಒಳಗಿನ ಬ್ಯಾಟರಿ ಖರೆ. ನೌಕರಿ ಹೋದರೆ ಹೋಗಲಿ ಎಂದು ಕಾಮಣ್ಣ ಹೊದ್ದ ಬಟ್ಟೆಯ ಸಮೇತ ಎದ್ದು ನಿಂತ.

“ಲೇ ಯಲ್ಲಾಲಿಂಗಾ, ಬಾಗಲಾ ಮುಟ್ಟಬ್ಯಾಡ! ಎಲ್ಲಾರೂ ಹೊರಗ ನಡೀರಿ!”

ಹೆಣ ಎದ್ದು ಒದರಿದ್ದೇ ತಡ, ಓಣಿ ಕಿತ್ತುಕೊಂಡು ಓಡಿತು. ಯಲ್ಲಾಲಿಂಗ ಬಕೀಟು ಅಲ್ಲೇ ಬಿಟ್ಟು ಎಲ್ಲರಿಗಿಂತ ಮೊದಲು ಟೆಂಪೋ ಸೇರಿದ್ದ. ಓಡದೆ ನಿಂತವಳು ಮಾಯವ್ವ ಒಬ್ಬಳೇ. ಕಾಮಣ್ಣನ ಬೆನ್ನಿಗೆ ಎರಡು ಗುದ್ದಿ, ಆಮೇಲೆ ಭುಜ ಹಿಡಿದು ಅತ್ತಳು.

ಅನುರಾಧಾ ಮೇಡಂ ಊದದ ಸೀಟಿ ಹಿಡಿದುಕೊಂಡೇ ಓಡಿ ಬಂದರು.

“ತಪ್ಪಾತ್ರಿ ಮೇಡಂ, ಅಳ್ಳಾಡಿಬಿಟ್ಟೆ,” ಎಂದು ಕಾಮಣ್ಣ ತಲೆ ತಗ್ಗಿಸಿದ.

ತಪ್ಪೇನಿಲ್ಲ, ನಲವತ್ತು ಮಂದಿಯನ್ನು ಅರ್ಧ ನಿಮಿಷದಲ್ಲಿ ಹೊರಗೆ ಹಾಕಿದಿರಿ, ಇವತ್ತು ಪಾಸಾದವರು ನೀವೊಬ್ಬರೇ ಎಂದರು ಮೇಡಂ. ಮಾಯವ್ವ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು. ಕಾಮಣ್ಣನ ಮೈಗೆ ಆಗಲೇ ಎಸಿ ಗಾಳಿ ಬೀಸಿದಂತಾಯಿತು.

ಮೇಡಂ ಹಾರು ಹೊಡೆದು ತೆರೆದಿದ್ದ ಗೇಟಿನ ಕಡೆ ನೋಡಿದರು.

“ನೀವು ಅಲ್ಲಿ ಇರಲಿಲ್ಲ ಅಂತನ ಇಷ್ಟ ಮಂದಿ ಒಳಗ ಬಂದ್ರು, ಕಾಮಣ್ಣ. ನಿಮ್ಮನ್ನ ಆ ಜಾಗಾದಿಂದ ತಗದಿದ್ದ ನಂದ ತಪ್ಪು. ಇನ್ನ ರಿಟೈರ್ ಆಗೂತನಾ ಗೇಟು ನಿಮ್ದ. ಇವತ್ತ ಕಂಪನಿಗೆ ಬರದ ಕಳಸ್ತೀನಿ.”

ಕಾಮಣ್ಣ ಹೋಗಿ ಗೇಟು ಎಳೆದ. ಹನ್ನೊಂದರ ಬಿಸಿಲಿಗೆ ಕಬ್ಬಿಣ ಕಾದು ಅಂಗೈ ಸುಟ್ಟಿತು.