‘ವ’ಕಾರಕ್ಕೆ ಬಂದ ಬಾಲ

ಬನಹಟ್ಟಿಯಲ್ಲಿ ಸೀರೆ ಡಬ್ಬಿಗಳಿಗೆ ಲೇಬಲ್ ಅಚ್ಚು ಹಾಕಿಕೊಡುವ ವೀರಣ್ಣ ಒಂದು ಶುಭ ಸೋಮವಾರ ಕನ್ನಡ ಲಿಪಿಯನ್ನು ಉದ್ಧಾರ ಮಾಡಲು ತೀರ್ಮಾನಿಸಿದ! ಅಜ್ಜ ಬಿದಿರಿನ ಲೇಖನಿಯಿಂದ ಬರೆದಿಟ್ಟ ಭಜನೆ ಪುಸ್ತಕ ಸಿಕ್ಕಿತ್ತು. ಇಳಿಯುವಾಗ ದಪ್ಪ, ಏರುವಾಗ ತೆಳು, ಅಂಚಿನಲ್ಲಿ ಅಷ್ಟಷ್ಟು ಶಾಯಿ ಉದುರಿದ ಹಳೇ ಕಳೆ. ಆರು ತಿಂಗಳು ಕಂಪ್ಯೂಟರಿಗೆ ಅಂಟಿಕೊಂಡು ಕುಳಿತು ಅದನ್ನೇ ಫಾಂಟ್ ಮಾಡಿದ. ಇನ್ನು ಸೀರೆ ಡಬ್ಬಿ, ಖಾನಾವಳಿ ಬೋರ್ಡು, ಲಗ್ನಪತ್ರಿಕೆ ಎಲ್ಲವೂ ತನ್ನ ಅಕ್ಷರದಲ್ಲೇ ಎಂದು ಸಾರಿದ.

ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದ. ಸಾಲಿನ ಮೊದಲಲ್ಲಿ ‘ವ’ ಬಂದರೆ ಅದಕ್ಕೆ ಬಲಗಡೆಯಿಂದ ಮೇಲಕ್ಕೇರುವ ಒಂದು ಸುರುಳಿ ಇಟ್ಟ. ಏನು ರಾಜಗಾಂಭೀರ್ಯ! ಹೆಂಡತಿ ಕಾಂಚನಾ ಬಗ್ಗಿ ನೋಡಿದಳು.

“ಇದಕ್ಕ ಬಾಲ ಯಾಕರಿ?”

“ಬಾಲ ಅಲ್ಲಲೇ ಅದು, ಕಲಾ. ನಿನಗ ತಿಳಿಯೂದಿಲ್ಲ.”

ಮಗಳು ಭಾಗ್ಯಾಳ ಮದುವೆಗೆ ಮೂರೇ ವಾರ ಉಳಿದಿತ್ತು. ಬೀಗರಾದ ಮಹಾಲಿಂಗಪುರದ ಚನಮಲ್ಲಪ್ಪ, ಹೆಸರಿನ ಹಿಂದೆ ‘ಶ್ರೀ’ ಬಿಟ್ಟುಹೋದರೆ ಪತ್ರಿಕೆಯನ್ನೇ ವಾಪಸು ಕಳಿಸುವ ಜಾತಿ. ಇಂಥವರ ಮುಂದೆ ಮಿಂಚಲೆಂದು ವೀರಣ್ಣ ನಾನೂರು ಪತ್ರಿಕೆ ತನ್ನ ಫಾಂಟಿನಲ್ಲೇ ಅಚ್ಚು ಹಾಕಿ, ಮೊದಲ ಗಂಟನ್ನು ಅವರ ಮನೆಗೇ ಕಳಿಸಿದ. ಕರಡನ್ನು ನಾಲ್ಕು ಸಲ ತಿದ್ದಿದ್ದ. ತಿದ್ದಿದ್ದ ಎಂದರೆ, ನಾಲ್ಕು ಸಲವೂ ಆ ಸುರುಳಿಯನ್ನೇ ನೋಡಿ ಸಂತೋಷಪಟ್ಟಿದ್ದ.

ಮರುದಿನ ಬೆಳಿಗ್ಗೆ ಚನಮಲ್ಲಪ್ಪ ಗಂಟಿನ ಸಮೇತ ಬಾಗಿಲಲ್ಲಿ ನಿಂತಿದ್ದರು. ಕೊಟ್ಟ ನೀರು ಮುಟ್ಟಲಿಲ್ಲ. ಒಂದು ಪತ್ರಿಕೆ ಕೈಗಿಟ್ಟು ಗಟ್ಟಿಯಾಗಿ ಓದಲು ಹೇಳಿದರು. ವೀರಣ್ಣ ಹೆಮ್ಮೆಯಿಂದಲೇ ಶುರುಮಾಡಿದ.

“ಮಧು, ಚಿರಂಜೀವಿ ಸೌಭಾಗ್ಯವತಿ ಭಾಗ್ಯಾ. ಮರ, ಚಿರಂಜೀವಿ ಅಮಿತ...”

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬಾಲ ಬಂದ ‘ವ’ ಯಾವ ಮುಲಾಜೂ ಇಲ್ಲದೆ ‘ಮ’ ಆಗಿ ಕುಳಿತಿತ್ತು! ಕೆಳಗೆ, ತಮ್ಮೆಲ್ಲರ ಆಗಮನ ಬಯಸುವವನು ಯಾರೋ ಮೀರಣ್ಣ! ವೀರಣ್ಣ ಹೌಹಾರಿದ.

“ನಿಮ್ಮ ಮಗಳು ಜೇನಾದಳು, ನನ್ನ ಮಗಾ ಮರ ಆದ,” ಎಂದರು ಚನಮಲ್ಲಪ್ಪ. “ಅಂವ ಮಾತು ಕಡಿಮಿ ಅನ್ನೂದು ಖರೆ. ಅದನ್ನ ಊರ ಮಂದಿಗೆಲ್ಲಾ ಹಿಂಗ ಸಾರತಾರೇನರಿ? ಈ ಪತ್ರಿಕಾ ಹೊರಗ ಬಿದ್ರ ಲಗ್ನ ಇಲ್ಲ.”

ಒಳಗೆ ಭಾಗ್ಯಾ ಅಳಲು ಶುರುಮಾಡಿದಳು. ಹೊಸದಾಗಿ ಅಚ್ಚು ಹಾಕೋಣವೆಂದರೆ ಅಂಥ ಕಾರ್ಡು ಊರಲ್ಲಿ ಒಂದೂ ಉಳಿದಿರಲಿಲ್ಲ. ಕಾಂಚನಾ ದಾಡಿ ಬ್ಲೇಡು ತಂದು, ನೆಲದ ಮೇಲೆ ಕುಳಿತು, ಒಂದೊಂದೇ ಬಾಲ ಕೆರೆಯತೊಡಗಿದಳು. ಗಂಡನ ಕೈಗೂ ಒಂದು ಬ್ಲೇಡು ಕೊಟ್ಟಳು. ಪತ್ರಿಕೆಗೆ ಮೂರರಂತೆ ಸಾವಿರದ ಇನ್ನೂರು ಬಾಲಗಳು ಪುಡಿಯಾಗಿ ಉದುರಿದವು.

ಸಂಜೆಯ ಹೊತ್ತಿಗೆ ಬೀಗರು ಒಂದು ಪತ್ರಿಕೆಯನ್ನು ಬೆಳಕಿಗೆ ಹಿಡಿದು ಓದಿದರು. ಮರ ವರನಾಗಿತ್ತು. ಮುಖ ಅರಳಿತು, ಲಗ್ನ ಉಳಿಯಿತು.

“ಈಗ ನೋಡ್ರಿ, ಅಕ್ಷರ ಮುತ್ತಿನಂಗ ಅದಾವು. ಇದು ಯಾರ ಕೈಕೆಲಸರಿ?”

ವೀರಣ್ಣ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಾಂಚನಾ ಹೇಳಿಬಿಟ್ಟಳು:

“ಬ್ಲೇಡಿಂದರಿ.”