ಸೂಜಿ ಬಿಟ್ಟೆ, ಹಂಚು ಬಿಡಲಿಲ್ಲ

ಜನರನ್ನು ನಗಿಸುವ ಸ್ವಭಾವ ನನ್ನದಲ್ಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಖಾನಾವಳಿ ಇದೆ. ಅಲ್ಲಿ ಉಂಡವರನ್ನು ಕೇಳಿ ನೋಡಿ, ರೊಟ್ಟಿ ಮೆತ್ತಗೆ, ಬಾಯಿ ಬಿರುಸು ಎಂದೇ ಹೇಳುತ್ತಾರೆ. ಆದರೂ ಸಕ್ಕರೆ ರೋಗ ಮೈಯೊಳಗೆ ಹೊಕ್ಕ ಮೇಲೆ ನಾನು ಎಷ್ಟು ಗಂಭೀರವಾಗಿ ಇದ್ದೇನೋ ಅಷ್ಟೂ ನನ್ನ ಸುತ್ತ ನಗುವಂಥವೇ ನಡೆಯುತ್ತ ಬಂದಿವೆ.

ಶಾಲೆಗೆ ಹೋದವಳಲ್ಲ ನಾನು. ಕಿರಾಣಿ ಪೊಟ್ಟಣದ ಕಾಗದ ಬಿಡಿಸಿ ಬಿಡಿಸಿ ಓದಲು ಕಲಿತೆ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬೇಯಿಸುವ ಒಂದು ಹಂಚು, ಹಿಟ್ಟು ನಾದುವ ಒಂದು ಪರಾತ ಇಟ್ಟುಕೊಂಡು ಖಾನಾವಳಿ ತೆರೆದೆ. ಆ ಹಂಚಿನ ಮುಂದೆ ಇನ್ನೊಬ್ಬರನ್ನು ಕೂಡ್ರಿಸಿಲ್ಲ. ಅಲ್ಲಿಂದ ನನ್ನನ್ನು ಎಬ್ಬಿಸಲು ನೋಡಿದ್ದು ಈ ರೋಗ ಒಂದೇ. ಕೆಳಗಿನದೆಲ್ಲ ನಮ್ಮಿಬ್ಬರ ಆ ಜಗಳದ ಸಂಗತಿ.

ಸೋಡಾ ಅಂಗಡಿಯ ಶೀಸೆ

ತೊಂಬತ್ತರ ಆ ವರ್ಷಗಳಲ್ಲಿ ನನ್ನ ಹತ್ತಿರ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಶೀಸೆಯನ್ನು ತಂಪಿನಲ್ಲೇ ಇಡಬೇಕು. ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಸೋಡಾ ಅಂಗಡಿ ಇಟ್ಟಿದ್ದ ಚಾಚಾ ತನ್ನ ಫ್ರಿಜ್ಜಿನ ಮೂಲೆಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದ. ಮುಂಜಾನೆ ಸಂಜೆ ಹೋಗುತ್ತಿದ್ದೆ. ಅವನು ಮಾತಾಡದೆ ಶೀಸೆ ತೆಗೆದು ಕೊಡುತ್ತಿದ್ದ. ಪರದೆಯ ಹಿಂದೆ ಹೋಗಿ ತೊಡೆಗೆ ಚುಚ್ಚಿಕೊಂಡು, ಸೆರಗು ಸರಿ ಮಾಡಿಕೊಂಡು ಹೊರಗೆ ಬರುತ್ತಿದ್ದೆ.

ಹೊರಗೆ ನಿಂತು ನೋಡುವವರಿಗೆ ಇದು ಹೇಗೆ ಕಂಡಿತೆಂದು ನನಗೆ ಹೊಳೆದಿರಲಿಲ್ಲ. ಒಂದು ದಿನ ಓಣಿಯ ಹಿರಿಯರೊಬ್ಬರು ಖಾನಾವಳಿಗೆ ಬಂದರು. ಗರಡಿಯಲ್ಲಿ ಬೆಳೆದ ಮೈ, ದೊಡ್ಡ ರುಮಾಲು. ಸಮಾಧಾನದಿಂದ ಉಂಡು, ಕೈ ತೊಳೆದುಕೊಂಡು, ದನಿ ಇಳಿಸಿದರು.

“ನಾ ನಿಮ್ಮಪ್ಪನ ವಾರಗಿ ಮನಿಷಾ ಅದೇನವ್ವಾ. ಹೆಣ್ಣಮಕ್ಕಳಿಗೆ ಇದು ಚಂದ ಅಲ್ಲ. ಒಂದ ಸಲ ಹತ್ತಿತಂದ್ರ ಬಿಡಾಂಗಿಲ್ಲ ಅದು.”

ಖರೆ, ಡಾಕ್ಟರೂ ಹಾಗೇ ಹೇಳಿದ್ದಾರೆ, ಸಾಯುವತನಕ ದಿನಾ ಎರಡು ಸಲ ತಗೊಳ್ಳಬೇಕಂತೆ ಎಂದೆ. ಇಂಥ ಡಾಕ್ಟರು ಯಾರು ಎಂದು ಅವರು ಕೇಳಿದ ಮೇಲೆಯೇ ಅವರ ಮನಸ್ಸಿನಲ್ಲಿ ಇದ್ದದ್ದು ಸೆರೆಯ ಶೀಸೆ ಎಂದು ನನಗೆ ತಿಳಿದದ್ದು. ಸಿಟ್ಟು ಬಂತು. ಬರ್ರಿ ಎಂದು ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ಸೂಜಿ ತುಂಬಿ ತೋಳಿಗೆ ಚುಚ್ಚಿಕೊಂಡೆ.

ಅಷ್ಟು ದೊಡ್ಡ ಮನುಷ್ಯ ಗೋಡೆ ಹಿಡಿದು ಹಾಗೇ ಬೆಂಚಿನ ಮೇಲೆ ಜಾರಿದರು. ಚಾಚಾ ಓಡಿಬಂದು ಸೋಡಾ ಒಡೆದು ಅವರ ಕೈಗೆ ಕೊಟ್ಟ. ಕಣ್ಣು ಮೇಲೆ ಮಾಡಿ, ಕೈಯಲ್ಲಿ ಬಾಟಲಿ ಹಿಡಿದು ಒರಗಿದ್ದ ಅವರನ್ನು ಓಣಿಯವರು ನೋಡಿದರು. ಸಂಜೆಯ ಹೊತ್ತಿಗೆ, ಹಿರಿಯರೂ ಶುರು ಮಾಡಿದರೆಂದು ಅವರ ಮನೆಗೆ ಸುದ್ದಿ ಮುಟ್ಟಿತ್ತು.

ಸಕ್ಕರೆಯ ಮದುಮಗ

ಸೂಜಿ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ತಡವಾದರೆ ಸಕ್ಕರೆ ಇಳಿದು ಬೆವರು ಬಿಡುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಆಗ ನಾನು ಏನು ಮಾಡುತ್ತೇನೆಂಬುದು ನನಗೇ ತಿಳಿಯುವುದಿಲ್ಲ.

ನೇಸರಗಿಯಲ್ಲಿ ಒಂದು ಮದುವೆ. ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದ ಕೂಡಲೆ ಊಟ ಎಂದರು. ಆ ಲೆಕ್ಕದಲ್ಲಿ ಚುಚ್ಚಿಕೊಂಡು ಬಂದು ಕುಳಿತೆ. ಆದರೆ ಮದುಮಗಳನ್ನು ಕರೆತರಬೇಕಾದ ಸೋದರಮಾವನ ಬಸ್ಸು ರಾಮದುರ್ಗದಿಂದ ಬರಲೇ ಇಲ್ಲ. ಮಾವ ಇಲ್ಲದೆ ಮದುಮಗಳು ಏಳುವಂತಿಲ್ಲ, ಮದುಮಗಳು ಏಳದೆ ಅಕ್ಕಿಕಾಳಿಲ್ಲ. ಅಡುಗೆಯ ಕಡೆ ಹೋಗಿ ಒಂದು ತುತ್ತು ಕೇಳಬಹುದಿತ್ತು. ಖಾನಾವಳಿ ನಡೆಸುವವಳು ಇನ್ನೊಬ್ಬರ ಒಲೆಯ ಮುಂದೆ ಕೈ ಒಡ್ಡಬೇಕೆ ಎಂದು ಬಿಗಿಯಾಗಿ ಕುಳಿತೆ.

ಮುಂದಿನದು ಅರ್ಧ ಮಾತ್ರ ನೆನಪಿದೆ. ಗಾಳಿಗೆಂದು ಎದ್ದವಳು ಯಾವುದೋ ಕೋಣೆಗೆ ಹೊಕ್ಕೆ. ಅಲ್ಲಿ ರುಖವತ ಹೂಡಿದ್ದರು. ಬೀಗರು ನೋಡಲೆಂದು ಹೆಣ್ಣಿನ ಕಡೆಯವರು ಅಂದವಾಗಿ ಜೋಡಿಸಿಡುವ ತಿಂಡಿಗಳ ಸಾಲು ಅದು. ನಡುವೆ ಸಕ್ಕರೆಯಲ್ಲಿ ಮಾಡಿದ ಮದುಮಗ, ಮದುಮಗಳು. ಕಣ್ಣಿನ ಮಂಜು ಹರಿದಾಗ ಬಾಗಿಲಲ್ಲಿ ಗಂಡಿನ ತಾಯಿ ನಿಂತಿದ್ದಳು. ಮದುಮಗನ ತಲೆ ಬಾಸಿಂಗದ ಸಮೇತ ನನ್ನ ಬಾಯಲ್ಲಿತ್ತು.

ಆಕೆ ಅಪಶಕುನ ಎಂದು ದನಿ ತೆಗೆಯುವಷ್ಟರಲ್ಲಿ ಹೆಣ್ಣಿನ ಅಜ್ಜಿ ಬಂದಳು. ತಲೆಯಿಲ್ಲದ ಗೊಂಬೆ ನೋಡಿದಳು, ನನ್ನ ಹಣೆಯ ಬೆವರು ನೋಡಿದಳು. ಮದುಮಗಳ ತಲೆಯನ್ನೂ ಮುರಿದು ನನ್ನ ಬಾಯಿಗೆ ಹಾಕಿದಳು.

“ತಗೋರಿ ಬೀಗತಿ, ಈಗ ಇಬ್ಬರೂ ಸರಿ ಆದ್ರು. ಯಾರಿಗೂ ಹೆಚ್ಚು ಕಡಿಮಿ ಉಳೀಲಿಲ್ಲ. ಇವರಿಗೆ ಮೊದಲ ಎಲಿ ಹಾಕಸ್ರಿ.”

ಭಂಡಾರದ ಆಣೆ

ಎರಡು ಸೂಜಿ ನಾಲ್ಕಾದವು. ಆದರೂ ಖಾನಾವಳಿಯಲ್ಲಿ ನಾನು ಉಣ್ಣುವ ಹೊತ್ತು ನನ್ನ ಕೈಯಲ್ಲಿ ಇರುವುದಿಲ್ಲ, ಗಿರಾಕಿಯ ಕೈಯಲ್ಲಿ ಇರುತ್ತದೆ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು ಕಾದ ಹಂಚಿನ ಮೇಲೇ ಕೈ ಊರಿ ಬಿದ್ದೆ. ಬಲ ಅಂಗೈ ಪೂರ ಸುಟ್ಟಿತು.

ಬೆಳಗಾವಿಯ ಡಾಕ್ಟರು ಎರಡೇ ದಾರಿ ಇಟ್ಟರು. ಒಲೆ ಬಿಡಬೇಕು, ಇಲ್ಲವೇ ಸೂಜಿ ಬಿಟ್ಟು ಇನ್ಸುಲಿನ್ ಪಂಪಿಗೆ ಹೋಗಬೇಕು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಮಷಿನ್ನು ಅದು. ದಿನವಿಡೀ ಹನಿಹನಿಯಾಗಿ ತಾನೇ ಬಿಡುತ್ತದೆ, ಉಣ್ಣುವ ಹೊತ್ತಿಗೆ ಗುಂಡಿ ಒತ್ತಿದರೆ ಹೆಚ್ಚು ಬಿಡುತ್ತದೆ. ಊಟ ತಡವಾದರೆ ಗುಂಡಿಯನ್ನೂ ತಡವಾಗಿ ಒತ್ತಿದರಾಯಿತು. ನಾನು ಅಲ್ಲೇ ಒಪ್ಪಿದೆ. ಕೊರಳಿನ ಬಂಗಾರದ ಬೋರಮಾಳ ಮಾರಿದೆ. ಅದು ನಾನೇ ಮಾಡಿಸಿಕೊಂಡದ್ದು, ಯಾರನ್ನೂ ಕೇಳಬೇಕಾಗಿರಲಿಲ್ಲ.

ಕೇಳದೆ ಬಂದವಳು ನನ್ನ ಅಕ್ಕ, ಕಿತ್ತೂರಿನಿಂದ. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಅವಳ ಮುಂದೆ ಮಾತ್ರ ನನ್ನ ಬಾಯಿ ನಡೆಯುವುದಿಲ್ಲ. ಸವದತ್ತಿ ಎಲ್ಲಮ್ಮನ ಭಂಡಾರ, ಗುಡಿಯ ಅರಿಷಿಣ ಪುಡಿ, ತಂದಿದ್ದಳು. ಬ್ಯಾಂಡೇಜು ಸುತ್ತಿದ ನನ್ನ ಕೈಯ ಮೇಲೆ ಅದನ್ನು ಸುರಿದಳು.

“ಇನ್ನೊಮ್ಮೆ ಬಿದ್ದಿ ಅಂದ್ರ ಖಾನಾವಳಿಗೆ ಕೀಲಿ. ಕೀಲಿ ಹಾಕಾಕಿ ನಾ. ಹೂಂ ಅನ್ನು.”

ಹೂಂ ಅಂದೆ. ದೇವಿಯ ಭಂಡಾರ ಹಿಡಿದು ಅಂದ ಮಾತು. ತಪ್ಪುವವಳಲ್ಲ ನಾನು, ಅದು ಅವಳಿಗೂ ಗೊತ್ತಿತ್ತು.

ಮರುದಿನ ದವಾಖಾನೆಯ ಕಂಪೌಂಡರ ಬ್ಯಾಂಡೇಜಿನ ಮೇಲಿನ ಹಳದಿ ನೋಡಿ ಕೀವು ಆಗಿದೆ ಎಂದ. ಭಂಡಾರ ಅದು ಎಂದೆ. ಸೂಜಿಗೆ ಅಂಜಿ ಎಲ್ಲರೂ ಇಂಥದೇ ಹೇಳುತ್ತಾರೆ ಎಂದು, ಎರಡೂ ರಟ್ಟೆಗೆ ಒಂದೊಂದು ಚುಚ್ಚಿ ಕಳಿಸಿದ.

ಪಟ್ಟಿಯಲ್ಲಿ ಇಲ್ಲದ ರೊಟ್ಟಿ

ಮಷಿನ್ನು ಕಲಿಸಲು ಹುಬ್ಬಳ್ಳಿಯಿಂದ ಕಂಪನಿಯ ಒಬ್ಬ ಮನುಷ್ಯ ಬಂದ. ಇಸ್ತ್ರಿ ಅಂಗಿ, ಕೊರಳಿಗೆ ಟಾಯಿ. ಹೊಟ್ಟೆಯ ತೊಗಲಿನೊಳಗೆ ಸಣ್ಣ ನಳಿಗೆ ಹೇಗೆ ಸೇರಿಸುವುದು, ಕೆಲ ದಿನಕ್ಕೊಮ್ಮೆ ಹೇಗೆ ಬದಲಿಸುವುದು ತೋರಿಸಿಕೊಟ್ಟ. ಜೊತೆಗೆ ಇಂಗ್ಲಿಷ್ ಪುಸ್ತಕ ಕೊಟ್ಟು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ. ಪುಸ್ತಕ ಪೂರ್ತಿ ಕನ್ನಡದಲ್ಲಿ ಹೇಳು, ಒಂದು ಸಾಲೂ ಬಿಡಬೇಡ ಎಂದೆ. ಪಾಪ, ಹೇಳಿದ. ಮಷಿನ್ನು ಕಟ್ಟಿಕೊಂಡು ಸಮುದ್ರದ ಆಳಕ್ಕೆ ಇಳಿಯಬಾರದು ಎಂಬುದನ್ನೂ ಹೇಳಿದ. ಇಳಿಯುವುದಿಲ್ಲ ಎಂದು ಮಾತು ಕೊಟ್ಟೆ.

ತೊಡಕಾದದ್ದು ಊಟದ ಪಟ್ಟಿಯಲ್ಲಿ. ಏನು ಎಷ್ಟು ಉಂಡರೆ ಎಷ್ಟು ಒತ್ತಬೇಕು ಎಂಬ ಪಟ್ಟಿಯಲ್ಲಿ ಬ್ರೆಡ್ ಇತ್ತು, ಅನ್ನ ಇತ್ತು, ಜೋಳದ ರೊಟ್ಟಿ ಇರಲಿಲ್ಲ. ನಿಮ್ಮ ರೊಟ್ಟಿ ಎಷ್ಟು ದೊಡ್ಡದು ಎಂದು ಕೇಳಿದ. ಬಡಿದು ತೋರಿಸಿದೆ. ಅವನು ತೂಗಿದ, ಬರೆದುಕೊಂಡ, ನೋಡುತ್ತ ಕುಳಿತ. ಬಿಸಿ ಇತ್ತು. ಬದನೆಕಾಯಿ ಎಣಗಾಯಿಯ ಜೊತೆ ಉಂಡೇ ಅಂದಾಜು ಮಾಡುವುದು ಒಳ್ಳೆಯದು ಎಂದು ಟಾಯಿ ಹೆಗಲ ಮೇಲೆ ಹಾಕಿಕೊಂಡ.

ಮುಂದಿನ ವಾರ ಮತ್ತೆ ಬಂದ. ಝುಣಕದ ಜೊತೆ ಲೆಕ್ಕ ಬೇರೆ ಬರಬಹುದು ಎಂದ. ಅದರ ಮುಂದಿನ ವಾರ ಕಾಳುಪಲ್ಯದ ಲೆಕ್ಕ. ಇಷ್ಟು ಕಾಳಜಿಯ ಮನುಷ್ಯನನ್ನು ನೋಡಿಲ್ಲ ಎಂದು ಬೆಳಗಾವಿಯ ಡಾಕ್ಟರ ಮುಂದೆ ಹೊಗಳಿದೆ. ಅವರು ನಕ್ಕು, ರೊಟ್ಟಿಯ ಲೆಕ್ಕ ಮೊದಲನೆಯ ದಿನವೇ ನಮಗೆ ಬಂದು ಮುಟ್ಟಿದೆಯಲ್ಲ ಎಂದರು.

ಬಸ್ಸಿನಲ್ಲಿ ಬಂದ ಮಿಸ್ಡ್ ಕಾಲ್

ಮಷಿನ್ನಿಗೆ ರವಕೆ ಖಣದ ಸಣ್ಣ ಚೀಲ ಹೊಲಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಒಮ್ಮೆ ತೊರಗಲ್ಲಿಗೆ ತೊಟ್ಟಿಲ ಕಾರ್ಯಕ್ಕೆ ಹೊರಟು ರಾಮದುರ್ಗದ ಬಸ್ಸು ಹತ್ತಿದೆ. ಮಗ್ಗುಲಲ್ಲಿ ಒಬ್ಬ ಮುದುಕಿ ಬುಟ್ಟಿ ಇಟ್ಟುಕೊಂಡು ಒತ್ತಿ ಕುಳಿತಳು. ನಳಿಗೆ ಎಲ್ಲೋ ಮಡಚಿರಬೇಕು, ಮಷಿನ್ನು ಕುಂಯ್ ಕುಂಯ್ ಎಂದಿತು.

ಅಕ್ಕಾರ, ಫೋನು ಎಂದ ಹಿಂದಿನ ಸೀಟಿನವ. ಗುಂಡಿ ಒತ್ತಿ ಸುಮ್ಮನಾಗಿಸಿದೆ. ಮತ್ತೆ ಕೂಗಿತು. ಮಿಸ್ಡ್ ಕಾಲ್ ಕೊಡಾಕತ್ಯಾರ, ಕರೆನ್ಸಿ ಇರಲಿಕ್ಕಿಲ್ಲ ಎಂದು ಇನ್ನೊಬ್ಬ. ಇದು ಫೋನಲ್ಲ, ಔಷಧದ ಮಷಿನ್ನು ಎಂದೆ. ಔಷಧ ಯಾಕೆ ಫೋನು ಮಾಡುತ್ತದೆ ಎಂದು ಮುದುಕಿ ಕೇಳಿದಳು. ಮೂರನೆಯ ಸಲ ಕೂಗಿದಾಗ ಇಡೀ ಬಸ್ಸು ನನ್ನ ಮನೆಯ ಚಿಂತೆ ಹಚ್ಚಿಕೊಂಡಿತ್ತು. ಸವದತ್ತಿ ಬಂದ ಕೂಡಲೆ ಕಂಡಕ್ಟರ ಎಸ್‌ಟಿಡಿ ಬೂತಿನ ಕಡೆ ಕೈ ಮಾಡಿದ.

“ಹೋಗಿ ತಿರುಗಿ ಹಚ್ರಿ ಅಕ್ಕಾರ. ಮನ್ಯಾಗ ಏನರ ಆಗಿರತೈತಿ. ಗಾಡಿ ನಿಂದರಸತೇನಿ.”

ತಿಳಿಸಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬೂತಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ, ನಳಿಗೆಯ ಮಡಚು ಬಿಡಿಸಿದೆ, ಹೊರಗೆ ಬಂದೆ. ಕಿಟಕಿಗಳ ತುಂಬ ಮುಖಗಳು. ಎಲ್ಲಾರೂ ಆರಾಮ ಅದಾರೇನ ಎಂದು ಮುದುಕಿ ಕೇಳಿದಳು. ಅದಾರ ಎಂದೆ. ಬಸ್ಸಿಗೆ ಬಸ್ಸೇ ಉಸಿರು ಬಿಟ್ಟಿತು, ಆಮೇಲೆ ಕಂಡಕ್ಟರ ಸೀಟಿ ಹೊಡೆದ.

ಖಂಡೆ ಪೂಜೆಯ ಸಾಲು

ಮಷಿನ್ನು ಬಂದ ಮೇಲೆ ನಾನು ಬೀಳಲಿಲ್ಲ. ಅಕ್ಕನಿಗೆ ನಂಬಿಕೆ ಇರಲಿಲ್ಲ. ಆ ವರ್ಷ ದಸರೆಗೆ ಕಿತ್ತೂರಿನಿಂದ ಬಂದು, ಒಲೆಯ ಎದುರಿಗೆ ಸ್ಟೂಲು ಹಾಕಿಕೊಂಡು, ನಾನು ಎಂದು ಬೀಳುತ್ತೇನೆಂದು ಕಾಯುತ್ತ ಕುಳಿತಳು. ಬೆವರು ಒರೆಸಿಕೊಂಡರೆ ಎದ್ದು ನಿಲ್ಲುತ್ತಿದ್ದಳು. ಅವಳ ಚೀಲದಲ್ಲಿ ಹಿತ್ತಾಳೆಯ ಕೀಲಿ ಇತ್ತು. ಮುಚ್ಚಿ ಇಟ್ಟಿರಲಿಲ್ಲ, ತೋರಿಸಿಯೇ ಇಟ್ಟಿದ್ದಳು.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಹಂಚು, ಪರಾತ, ಈಳಿಗೆ ಎಲ್ಲ ತೊಳೆದು ಸಾಲಾಗಿ ಇಟ್ಟು, ನಾನು ಜಳಕಕ್ಕೆ ಹೋದೆ. ಜಳಕದ ಹೊತ್ತಿಗೆ ಮಷಿನ್ನು ಬಿಚ್ಚಿ ಇಡಬಹುದು, ಆದರೆ ಒಂದು ತಾಸಿನೊಳಗೆ ಮತ್ತೆ ಹಚ್ಚಿಕೊಳ್ಳಬೇಕು. ಬಂದು ನೋಡಿದರೆ ಗೂಟದಲ್ಲಿ ಚೀಲ ಇಲ್ಲ. ಸಾಲಿನ ಕೊನೆಗೆ, ಹಂಚಿನ ಮಗ್ಗುಲಿಗೆ ನನ್ನ ಮಷಿನ್ನು, ಮೂರೆಳೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು.

ಕೊಡು ಎಂದೆ. ಪೂಜೆಗೆ ಇಟ್ಟದ್ದನ್ನು ನಾಳೆ ಬನ್ನಿ ಕೊಡುವತನಕ ಎತ್ತುವಂತಿಲ್ಲ ಎಂದಳು. ಅದು ಆಯುಧ ಅಲ್ಲ ಎಂದೆ. ಖಾನಾವಳಿ ನಡೆಯುವುದು ಅದರಿಂದಲೇ ಎಂದು ದಿನಾ ನೀನೇ ಹೇಳುತ್ತೀ, ಮತ್ತೆ ಆಯುಧ ಹೇಗೆ ಅಲ್ಲ ಎಂದಳು.

“ಅದು ಹೊಟ್ಟಿಗೆ ಹಚ್ಚಲಿಲ್ಲಂದ್ರ ಸಕ್ಕರಿ ಏರಿ ಸಂಜೀಕ ನಾ ಬೀಳ್ತೇನಿ. ಬಿದ್ರ ನಿನ್ನ ಆಣಿ ಪ್ರಕಾರ ಕೀಲಿ. ಈ ಸಲ ಬೀಳಸಾಕಿ ನೀನ ಆಗ್ತಿ ನೋಡಕ್ಕಾ.”

ಒಂದೇ ತಾಯಿಯ ಹೊಟ್ಟೆಯಿಂದ ಬಂದವರು ನಾವು, ಇಬ್ಬರೂ ಸೋಲುವವರಲ್ಲ. ಅವಳು ಹಂಚಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮೇಲೆ ಗಡಿಯಾರ ನಡೆದೇ ಇತ್ತು. ಕಡೆಗೆ ಒಂದು ಮಣೆ ಎಳೆದು ಮಷಿನ್ನಿನ ಮಗ್ಗುಲಿಗೆ ಹಾಕಿದಳು.

“ಬಾ, ಕುಂಡ್ರಿಲ್ಲೆ. ಮಷಿನ್ ಎತ್ತಬಾರದು ಅಂದೇನಿ, ನಿನ್ನ ಕುಂಡ್ರಸಬಾರದು ಅಂತ ಎಲ್ಲೂ ಇಲ್ಲ. ನೀನೂ ಪೂಜಿಗೆ ಕುಂತಾಕಿ ಆದ್ರ, ಮಂಗಳಾರತಿ ಆದಮ್ಯಾಲ ಎರಡೂ ಕೂಡೇ ಏಳ್ರಿ, ಅದು ಎತ್ತಿದಂಗಲ್ಲ. ನಾಳಿತನಕ ಕೆಲಸ ಅಷ್ಟ ಮಾಡಬ್ಯಾಡ.”

ಕುಳಿತು ನಳಿಗೆ ಹಚ್ಚಿಕೊಂಡೆ. ಅಕ್ಕ ಸಾಲಿನ ಈ ತುದಿಯಿಂದ ಪೂಜೆ ಮಾಡುತ್ತ ಬಂದಳು. ಈಳಿಗೆ, ಪರಾತ, ಹಂಚು, ಮಷಿನ್ನು, ಆಮೇಲೆ ಕೈ ನಿಲ್ಲಿಸದೆ ನನ್ನ ಹಣೆಗೂ ವಿಭೂತಿ ಎಳೆದಳು, ತಲೆಯ ಮೇಲೆ ಹೂವು ಇಟ್ಟಳು. ಅಷ್ಟು ಹತ್ತಿರ ಬಂದಾಗ ಸೀರೆಯೊಳಗೆ ಹೋಗಿದ್ದ ನಳಿಗೆಯನ್ನು ಮೊದಲನೆಯ ಸಲ ಸರಿಯಾಗಿ ನೋಡಿದಳು.

“ನೋಯಸತೈತೇನ ಇದು?”

ಇಲ್ಲ ಎಂದೆ. ನನ್ನ ಸೆರಗು ಎಳೆದು ಅದರ ಮೇಲೆ ಮುಚ್ಚಿದಳು. ಆಮೇಲೆ ಆರತಿ ಹಚ್ಚಿದಳು.

ಅಷ್ಟರಲ್ಲಿ ದಿನಾ ಉಣ್ಣುವ ಗಿರಾಕಿಗಳು ಕಾಯಿ ಹಿಡಿದುಕೊಂಡು ಬಂದರು. ಸಾಲಿ ಮಾಸ್ತರು, ಅಡತಿ ಅಂಗಡಿಯವರು, ಬಸ್ ಡ್ರೈವರು. ಸಾಲಿನ ಕೊನೆಗೆ ನಾನು ಕುಳಿತಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು. ಒಬ್ಬರೂ ನಗಲಿಲ್ಲ. ನನ್ನ ಬಾಯಿ ಅವರಿಗೆ ಗೊತ್ತು. ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಬಂದು ಈಳಿಗೆಗೆ, ಪರಾತಕ್ಕೆ, ಹಂಚಿಗೆ, ಮಷಿನ್ನಿಗೆ ಕೈ ಮುಗಿದರು. ಮುಂದೆ ಏನು ಮಾಡಬೇಕೆಂದು ತಿಳಿಯದೆ ನನಗೂ ಮುಗಿದರು. ನಾನೂ ಅಲುಗಾಡದೆ ಕುಳಿತೆ, ಬೇರೆ ಏನು ಮಾಡುವುದಿತ್ತು.

ಕಡೆಗೆ ಬಂದವನು ಡ್ರೈವರ. ತಂದ ಕಾಯಿಯನ್ನು ಹಂಚಿನ ಮುಂದೆ ಇಡಲಿಲ್ಲ, ನನ್ನ ಮುಂದೆ ಇಟ್ಟ. ಮೊಣಕಾಲೂರಿ, ಕಣ್ಣು ಮುಚ್ಚಿ, ಕೈ ಜೋಡಿಸಿ, ಬಹಳ ಭಕ್ತಿಯಿಂದ ಕೇಳಿಕೊಂಡ: “ನಾಳೆ ರೊಟ್ಟಿ ಅದಾವೇನ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ, ಆರತಿ ತಟ್ಟೆ ಹಿಡಿದು ನಿಂತಿದ್ದ ಅಕ್ಕನೇ ಹೇಳಿದಳು.

“ಅದಾವು. ನಾಳೆ ಅಷ್ಟ ಅಲ್ಲ, ದಿನಾ ಅದಾವು. ಹೊತ್ತಿಗೆ ಸರಿಯಾಗಿ ಬರ್ರಿ, ಆಕಿನೂ ಉಣಬೇಕು.”